ಗೂನು ಮತ್ತು ಕುಲ: ಡಿಸ್ನಿಯ ಅನಿಮೇಷನ್ ಚಿತ್ರವೊಂದರಲ್ಲಿ ವಿಕಲಾಂಗತೆ ಹಾಗೂ ಪರಕೀಯತೆಯ ನಿರೂಪಣೆ

ಅನಿಮೇಷನ್ ಚಿತ್ರಗಳನ್ನು ಮಕ್ಕಳ ಮನರಂಜನೆಯ ಸಾಮಗ್ರಿಯೆಂದು ಭಾವಿಸಿ ಗಂಭೀರ ವಿಮರ್ಶೆಯ ಕಕ್ಷೆಯಿಂದ ಹೊರಗಿರಿಸುವ ಪರಿಪಾಠ ಬಹುಕಾಲದಿಂದ ನಡೆದುಬಂದಿದೆ. ಉಪೇಕ್ಷೆಗೆ ಒಳಗಾದ ಈ ಮಾಧ್ಯಮದ ಒಂದು ಲಕ್ಷಣವನ್ನು ಮೊದಲಿಗೇ ಗುರುತಿಸಬೇಕು. ನಟರು ಅಭಿನಯಿಸುವ ಚಿತ್ರದಲ್ಲಿ ದೇಹವೆಂಬುದು ಭಾಗಶಃ ಆಕಸ್ಮಿಕ. ನಟನ ಮೂಗು, ಮೈಬಣ್ಣ, ನಡಿಗೆಗಳು ಕಥೆಗಿಂತ ಮೊದಲೇ ಇದ್ದಂಥವು. ಅನಿಮೇಷನ್ ಚಿತ್ರದಲ್ಲಿ ಹಾಗಲ್ಲ. ಅಲ್ಲಿನ ಕುಂಟುವ ಕಾಲು, ಬಾಗಿದ ಬೆನ್ನು, ಕಂದು ಚರ್ಮ ಎಲ್ಲವೂ ಯಾರೋ ಕುಳಿತು ನಿರ್ಧರಿಸಿ ಎಳೆದ ಗೆರೆಗಳು. ಒಂದು ಸಮಾಜವು ಯಾರನ್ನು ತನ್ನವರೆಂದು, ಯಾರನ್ನು ಹೊರಗಿನವರೆಂದು ಬಗೆಯುತ್ತದೆ ಎಂಬುದರ ದಾಖಲೆಯಾಗಿ ಈ ಚಿತ್ರಗಳನ್ನು ಓದಲು ಸಾಧ್ಯವಾಗುವುದು ಈ ಕಾರಣದಿಂದ.

ಅಮೆರಿಕದ ವಾಲ್ಟ್ ಡಿಸ್ನಿ ಸಂಸ್ಥೆಯ ಚಿತ್ರಗಳಲ್ಲಿ ಅಂಗವೈಕಲ್ಯ ಮತ್ತು ಜನಾಂಗೀಯ ಪರಕೀಯತೆಗಳು ಮೊದಲಿನಿಂದಲೂ ನೆರೆಹೊರೆಯಲ್ಲಿಯೇ ವಾಸಿಸಿವೆ. ೧೯೪೧ರ 'ಡಂಬೊ' ಚಿತ್ರದ ಆನೆಮರಿಯ ಅತಿದೊಡ್ಡ ಕಿವಿಗಳು ಎಲ್ಲರ ನಗೆಗೆ ಗುರಿಯಾಗುತ್ತವೆ. ಅದಕ್ಕೆ ಹಾರುವುದನ್ನು ಕಲಿಸುವ ಕಾಗೆಗಳು ಆಫ್ರಿಕನ್-ಅಮೆರಿಕನ್ನರ ವ್ಯಂಗ್ಯಚಿತ್ರಗಳು. ಕಿವಿಗಳು ಸರ್ಕಸ್ಸಿಗೆ ಲಾಭ ತಂದ ಕ್ಷಣದಲ್ಲಿ ಆನೆಮರಿಗೆ ಮನ್ನಣೆ ದೊರೆಯುತ್ತದೆ. ಕಾಗೆಗಳು ಇದ್ದಲ್ಲಿಯೇ ಉಳಿಯುತ್ತವೆ. ೧೯೫೩ರ 'ಪೀಟರ್ ಪ್ಯಾನ್'ನಲ್ಲಿ ಕೈ ಕಳೆದುಕೊಂಡು ಕೊಕ್ಕೆ ತೊಟ್ಟವನು ಖಳ, ಅಮೆರಿಕದ ಮೂಲನಿವಾಸಿಗಳು ಹಾಸ್ಯದ ವಸ್ತು. ೧೯೯೨ರ 'ಅಲಾದ್ದೀನ್' ಚಿತ್ರದ ಆರಂಭದ ಹಾಡಿನ ಸಾಲೊಂದನ್ನು ಅರಬ್-ಅಮೆರಿಕನ್ನರ ಪ್ರತಿಭಟನೆಯ ತರುವಾಯ ೧೯೯೩ರಲ್ಲಿ ಬದಲಿಸಬೇಕಾಯಿತು. ೨೦೨೦ರಲ್ಲಿ ಸಂಸ್ಥೆಯು ಇಂತಹ ಕೆಲವು ಹಳೆಯ ಚಿತ್ರಗಳ ಮೊದಲಿಗೆ ಎಚ್ಚರಿಕೆಯ ಒಕ್ಕಣೆಯನ್ನು ಸೇರಿಸಿತು. ಇವೆಲ್ಲ ಸುಲಭವಾಗಿ ಕಣ್ಣಿಗೆ ಬೀಳುವ ದೋಷಗಳು. ಅವುಗಳ ಪಟ್ಟಿಯನ್ನು ಬೆಳೆಸುವುದರಿಂದ ವಿಮರ್ಶೆಗೆ ಹೆಚ್ಚಿನ ಪ್ರಯೋಜನವಿಲ್ಲ. ಸದುದ್ದೇಶದಿಂದಲೇ ಹೊರಟ ಚಿತ್ರವೊಂದು ಎಲ್ಲಿ ಎಡವುತ್ತದೆಂಬುದನ್ನು ನೋಡುವುದು ಹೆಚ್ಚು ಫಲಪ್ರದ. ಗ್ಯಾರಿ ಟ್ರೌಸ್‌ಡೇಲ್ ಮತ್ತು ಕರ್ಕ್ ವೈಸ್ ನಿರ್ದೇಶಿಸಿದ, ೧೯೯೬ರ ಜೂನ್‌ನಲ್ಲಿ ಬಿಡುಗಡೆಯಾದ 'ದ ಹಂಚ್‌ಬ್ಯಾಕ್ ಆಫ್ ನೋತ್ರ್ ದಾಮ್' ಅಂತಹ ಚಿತ್ರ. ಗೂನುಬೆನ್ನಿನ ಕ್ವಾಸಿಮೋಡೊ ಮತ್ತು ರೊಮಾ ಜನಾಂಗದ ಎಸ್ಮೆರಾಲ್ಡಾ ಇಬ್ಬರನ್ನೂ ಕೇಂದ್ರದಲ್ಲಿಟ್ಟು, ಅವರನ್ನು ಹೊರದೂಡುವವನನ್ನೇ ಖಳನನ್ನಾಗಿ ನಿಲ್ಲಿಸಿದುದು ಇದರ ಹೆಚ್ಚುಗಾರಿಕೆ.

ಮೂಲಕೃತಿಯಾದ ವಿಕ್ಟರ್ ಹ್ಯೂಗೊನ ಕಾದಂಬರಿ ೧೮೩೧ರಲ್ಲಿ ಪ್ರಕಟವಾಯಿತು. ಕಥೆ ನಡೆಯುವುದು ೧೪೮೨ರ ಪ್ಯಾರಿಸ್ಸಿನಲ್ಲಿ. ಹ್ಯೂಗೊ ಇಟ್ಟ ಹೆಸರು ಗುಡಿಯದು, ಗೂನನದಲ್ಲ. ೧೮೩೩ರ ಇಂಗ್ಲಿಷ್ ಅನುವಾದವು ಕ್ವಾಸಿಮೋಡೊನ ಗೂನನ್ನು ಶೀರ್ಷಿಕೆಗೆ ಏರಿಸಿತು, ಅದೇ ಜಗತ್ತಿನಾದ್ಯಂತ ರೂಢಿಯಾಯಿತು. ಕಾದಂಬರಿಯ ಪ್ರಕಾರ ಎಸ್ಮೆರಾಲ್ಡಾ ಹುಟ್ಟಿನಿಂದ ರೊಮಾ ಹೆಣ್ಣಲ್ಲ. ರೀಮ್ಸ್ ನಗರದ ಬಡ ತಾಯಿಯೊಬ್ಬಳ ಮಗು ಅವಳು. ರೊಮಾ ಹೆಂಗಸರು ಅವಳನ್ನು ಕದ್ದು, ಬದಲಿಗೆ ವಿಕಾರ ರೂಪದ ಇನ್ನೊಂದು ಮಗುವನ್ನು ಬಿಟ್ಟುಹೋಗುತ್ತಾರೆ. ಆ ಮಗುವೇ ಕ್ವಾಸಿಮೋಡೊ. ಚೆಲುವೆಯಾದ ಕಾರಣ ಅವಳು ಫ್ರೆಂಚಳೇ ಇರಬೇಕು, ವಿಕಾರವಾದ ಕಾರಣ ಅವನು ಅಲೆಮಾರಿಗಳವನೇ ಇರಬೇಕು ಎಂಬ ಪೂರ್ವಗ್ರಹ ಕಥಾಸಂವಿಧಾನದಲ್ಲಿಯೇ ಅಡಗಿದೆ. ರೊಮಾ ಜನ ಮಕ್ಕಳಗಳ್ಳರೆಂಬುದು ಯುರೋಪಿನ ಹಳೆಯ ಅಪವಾದ. ಹ್ಯೂಗೊನಂತಹ ಮಾನವತಾವಾದಿಯ ಲೇಖನಿಯೂ ಅದನ್ನು ಪ್ರಶ್ನಿಸದೆ ಬಳಸಿಕೊಂಡಿತು.

ಡಿಸ್ನಿ ಚಿತ್ರ ಈ ಅಪವಾದವನ್ನು ಕೈಬಿಟ್ಟಿದೆ. ಅಷ್ಟಕ್ಕೇ ನಿಲ್ಲದೆ ಅದನ್ನು ತಿರುಗಿಸಿಯೂ ಇದೆ. ಚಿತ್ರದ ಮೊದಲ ದೃಶ್ಯಗಳಲ್ಲಿ ರೊಮಾ ತಾಯಿಯೊಬ್ಬಳು ಬಟ್ಟೆಯ ಗಂಟೊಂದನ್ನು ಎದೆಗವಚಿಕೊಂಡು ಹಿಮದಲ್ಲಿ ಓಡುತ್ತಾಳೆ. ಗಂಟಿನಲ್ಲಿರುವುದು ಕದ್ದ ಮಾಲೆಂದು ಭಾವಿಸಿ ನ್ಯಾಯಾಧೀಶ ಫ್ರೊಲೊ ಕುದುರೆಯ ಮೇಲೆ ಬೆನ್ನಟ್ಟುತ್ತಾನೆ; ಚರ್ಚಿನ ಮೆಟ್ಟಿಲುಗಳ ಮೇಲೆ ಅವಳು ಸಾಯುತ್ತಾಳೆ. ಗಂಟಿನಲ್ಲಿದ್ದುದು ಅವಳದೇ ಮಗು. ಅದನ್ನು ಬಾವಿಗೆ ಎಸೆಯಹೊರಟ ಫ್ರೊಲೊನನ್ನು ಪಾದ್ರಿ ತಡೆಯುತ್ತಾನೆ. ಇಲ್ಲಿ ಮಗುವನ್ನು ಕಸಿದವನು ಪ್ಯಾರಿಸ್ಸಿನ ಅಧಿಕಾರಿ, ಕಳೆದುಕೊಂಡವಳು ರೊಮಾ ತಾಯಿ. ಹ್ಯೂಗೊನ ಕಥೆಗಿಂತ ನೈತಿಕವಾಗಿ ಮುಂದಿರುವ ಬದಲಾವಣೆ ಇದು.

ಆದರೆ ಇದರ ಫಲವಾಗಿ ಕ್ವಾಸಿಮೋಡೊ ಎರಡು ಬಗೆಯ ಬಹಿಷ್ಕಾರಗಳನ್ನು ಒಂದೇ ದೇಹದಲ್ಲಿ ಹೊತ್ತವನಾಗುತ್ತಾನೆ. ಅವನು ಗೂನ, ಅವನು ರೊಮಾ. ಈ ಎರಡನೆಯ ಸತ್ಯವು ಪ್ರೇಕ್ಷಕನಿಗೆ ಆರಂಭದಲ್ಲಿಯೇ ತಿಳಿದಿರುತ್ತದೆ, ಕ್ವಾಸಿಮೋಡೊನಿಗೆ ತಿಳಿದಿರುವುದಿಲ್ಲ. ತಾಯಿ ತನ್ನನ್ನು ತೊರೆದುಹೋದಳೆಂದೇ ಅವನಿಗೆ ಹೇಳಲಾಗಿದೆ. ಗೋಪುರಕ್ಕೆ ಬಂದ ಎಸ್ಮೆರಾಲ್ಡಾಳೊಡನೆ ಅವನು, ನೀನು ಬೇರೆ ಜಿಪ್ಸಿಗಳಂತಲ್ಲ, ಅವರು ದುಷ್ಟರು ಎಂಬರ್ಥದ ಮಾತನಾಡುತ್ತಾನೆ. ತನ್ನ ಕುಲವನ್ನೇ ತಾನು ನಿಂದಿಸುತ್ತಿರುವುದು ಅವನಿಗೆ ಗೊತ್ತಿಲ್ಲ. ಯಾವ ಒಳ್ಳೆಯ ನಾಟಕಕಾರನೂ ಇಂತಹ ಸಂದರ್ಭವನ್ನು ಕೈಬಿಡಲಾರ. ಅರಿವಿನ ಗಳಿಗೆಯೊಂದು ಮುಂದೆ ಬರಲೇಬೇಕೆಂಬ ನಿರೀಕ್ಷೆ ಇಲ್ಲಿ ಹುಟ್ಟುತ್ತದೆ. ಚಿತ್ರದ ಕೊನೆಯ ಹೋರಾಟದಲ್ಲಿ ಫ್ರೊಲೊ, ನಿನ್ನ ತಾಯಿಯೂ ನಿನ್ನನ್ನು ಉಳಿಸಹೋಗಿ ಸತ್ತಳೆಂದು ಒಂದು ಮಾತಿನಲ್ಲಿ ಹೊರಗೆಡಹುವುದುಂಟು. ಅಲ್ಲಿಗೆ ಮುಗಿಯಿತು. ತಾನು ಯಾವ ಜನಕ್ಕೆ ಸೇರಿದವನೆಂಬ ಬಗೆಗೆ ಕ್ವಾಸಿಮೋಡೊನ ಬಾಯಿಂದ ಒಂದು ಮಾತೂ ಬರುವುದಿಲ್ಲ. ರೊಮಾ ಜನರೂ ಅವನನ್ನು ತಮ್ಮವನೆಂದು ಕರೆಯುವುದಿಲ್ಲ. ಚಿತ್ರಕಾರರ ಗೆರೆಯೂ ಈ ಮರೆವಿಗೆ ಒತ್ತಾಸೆಯಾಗಿದೆ. ಎಸ್ಮೆರಾಲ್ಡಾ ಮತ್ತು ಅವಳ ಜನರ ಮೈಬಣ್ಣ ಕಂದು, ಕೂದಲು ಕಪ್ಪು. ಕ್ವಾಸಿಮೋಡೊನದು ಬಿಳಿಚರ್ಮ, ಕೆಂಚು ಕೂದಲು. ಗೂನು ಕುಲವನ್ನು ಮರೆಮಾಡಿದೆ. ಒಂದು ದೇಹಕ್ಕೆ ಒಂದೇ ಭಿನ್ನತೆ ಸಾಕೆಂಬ ಲೆಕ್ಕಾಚಾರ ಇಲ್ಲಿ ಕೆಲಸಮಾಡಿದಂತಿದೆ.

ಇನ್ನು ಗೂನಿನ ವಿಚಾರ. ಹ್ಯೂಗೊನ ಕ್ವಾಸಿಮೋಡೊ ಗೂನನಷ್ಟೇ ಅಲ್ಲ, ಕುಂಟ, ಒಕ್ಕಣ್ಣ. ಎಲ್ಲಕ್ಕಿಂತ ಮಿಗಿಲಾಗಿ ಕಿವುಡ. ಅವನು ಪ್ರೀತಿಸಿದ ಗಂಟೆಗಳೇ ಅವನ ಕಿವಿಯನ್ನು ಕಿತ್ತುಕೊಂಡಿವೆ. ಕಾದಂಬರಿಯಲ್ಲಿ ಅವನ ವಿಚಾರಣೆ ನಡೆಯುವ ಪ್ರಕರಣವೊಂದಿದೆ: ನ್ಯಾಯಪೀಠದಲ್ಲಿ ಕುಳಿತವನೂ ಕಿವುಡ, ಆರೋಪಿಯೂ ಕಿವುಡ, ಕೇಳದ ಪ್ರಶ್ನೆಗೆ ಕೇಳದ ಉತ್ತರ ಸಲ್ಲುತ್ತದೆ, ಶಿಕ್ಷೆ ಮಾತ್ರ ಒಬ್ಬನಿಗೇ ಆಗುತ್ತದೆ. ಅಂಗವೈಕಲ್ಯವೆಂಬುದು ದೇಹದಲ್ಲಿ ಮಾತ್ರ ಇರುವುದಲ್ಲ, ಅಧಿಕಾರದ ಜೊತೆಗಿನ ಸಂಬಂಧದಲ್ಲಿ ಇರುವುದೆಂಬ ತಿಳಿವಳಿಕೆ ಈ ಕಟುಹಾಸ್ಯದಲ್ಲಿದೆ. ವಿಕಲಾಂಗತೆಯ ಅಧ್ಯಯನಗಳು ಹುಟ್ಟುವುದಕ್ಕೆ ಒಂದೂವರೆ ಶತಮಾನ ಮೊದಲೇ ಹ್ಯೂಗೊ ಅದನ್ನು ಬರೆದಿಟ್ಟಿದ್ದ. ಡಿಸ್ನಿ ಚಿತ್ರವೋ ಗೀತಪ್ರಧಾನ. ಅಲನ್ ಮೆಂಕನ್ನನ ಸಂಗೀತಕ್ಕೆ ಸ್ಟೀಫನ್ ಶ್ವಾರ್ಟ್ಸ್ ಬರೆದ ಹಾಡುಗಳನ್ನು ನಾಯಕ ಹಾಡಲೇಬೇಕು. ಹಾಗಾಗಿ ಕಿವುಡು ಹೋಯಿತು. ಕುಂಟೂ ಹೆಸರಿಗಷ್ಟೇ ಉಳಿಯಿತು. ಅವನು ಗೋಪುರದಿಂದ ಗೋಪುರಕ್ಕೆ ಜಿಗಿಯುತ್ತಾನೆ, ಹಗ್ಗ ಹಿಡಿದು ತೂಗುತ್ತಾನೆ. ಕಡೆಗೆ ಅವನ ವೈಕಲ್ಯವೆಂದರೆ ಅವನ ಮುಖ. ನೋಡುವವರಿಗೆ ಹಿಡಿಸದಿರುವುದೇ ಅವನ ಏಕೈಕ ತೊಂದರೆ. ಮೆಟ್ಟಿಲು ಹತ್ತಲಾರದ, ಮಾತು ಕೇಳಿಸದ, ದುಡಿಮೆ ಸಿಗದ ವಿಕಲಾಂಗರ ನಿತ್ಯದ ಪಾಡಿಗೆ ಈ ಚಿತ್ರದಲ್ಲಿ ಎಡೆಯಿಲ್ಲ. ಡೇವಿಡ್ ಮಿಚೆಲ್ ಮತ್ತು ಶಾರನ್ ಸ್ನೈಡರ್ ೨೦೦೦ದಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಕಥನಗಳು ವಿಕಲ ದೇಹವನ್ನು ತಮ್ಮ ಊರುಗೋಲಾಗಿ ಬಳಸಿಕೊಳ್ಳುತ್ತವೆಯೇ ಹೊರತು ಅದರ ಬದುಕನ್ನು ಕಾಣುವುದಿಲ್ಲವೆಂದು ವಾದಿಸಿದ್ದಾರೆ. ಈ ಮಾತಿಗೆ ಇಲ್ಲಿ ಒಳ್ಳೆಯ ನಿದರ್ಶನವಿದೆ. (ಹೆಸರಿಡುವುದರಲ್ಲಿಯೂ ಇದೇ ಬಗೆಯ ಜಾರುವಿಕೆ ಸಂಭವಿಸುತ್ತದೆ. ಕರ್ನಾಟಕದ ಆಡಳಿತದ ಭಾಷೆಯಲ್ಲಿ 'ಅಂಗವಿಕಲ' ಹೋಗಿ 'ವಿಕಲಚೇತನ' ಬಂದಾಗ ಗೌರವದ ಉದ್ದೇಶವೇ ಇದ್ದಿತು. ಆದರೆ ಪದದ ಅಕ್ಷರಾರ್ಥದಲ್ಲಿ ಊನವು ಅಂಗದಿಂದ ಚೇತನಕ್ಕೆ ವರ್ಗವಾಯಿತು.)

ಹಾಗೆಂದು ಈ ಚಿತ್ರಣದಲ್ಲಿ ಏನೂ ಇಲ್ಲವೆನ್ನಲಾಗದು. ಗೋಪುರದಲ್ಲಿ ಫ್ರೊಲೊ ಕ್ವಾಸಿಮೋಡೊನಿಗೆ ಅಕ್ಷರಾಭ್ಯಾಸ ಮಾಡಿಸುವ ದೃಶ್ಯ ಗಮನಾರ್ಹ. ಒಂದೊಂದು ಅಕ್ಷರಕ್ಕೂ ಪಾಪ, ದೈವನಿಂದೆ, ನರಕಗಳಿಗೆ ಸಂಬಂಧಿಸಿದ ಒಂದೊಂದು ಪದ. ಶಿಷ್ಯ ತಪ್ಪದೆ ಒಪ್ಪಿಸುತ್ತಾನೆ. ಹಬ್ಬ ಎಂಬ ಪದ ಬಾಯಿತಪ್ಪಿ ಬಂದಾಗ ಸಿಕ್ಕಿಬೀಳುತ್ತಾನೆ. ತಾನು ವಿಕಾರ, ಹೊರಗಿನ ಲೋಕ ಕ್ರೂರ, ಒಡೆಯನೊಬ್ಬನೇ ದಿಕ್ಕು ಎಂಬ ಪಾಠವನ್ನು ಅವನು ತನ್ನದೇ ನಾಲಗೆಯಿಂದ ಹೇಳುತ್ತಾನೆ. ಬಹಿಷ್ಕಾರವು ಬಾಗಿಲಿಗೆ ಬೀಗ ಹಾಕುವುದರಿಂದ ಮಾತ್ರ ನಡೆಯುವುದಿಲ್ಲ, ಒಳಗಿರುವವನಿಗೆ ಬೀಗದ ಸಮರ್ಥನೆಯನ್ನು ಕಲಿಸುವುದರಿಂದ ನಡೆಯುತ್ತದೆಂಬುದನ್ನು ಎರಡು ನಿಮಿಷಗಳಲ್ಲಿ ಕಾಣಿಸಿದ ಈ ದೃಶ್ಯ ಚಿತ್ರದ ಅತ್ಯುತ್ತಮ ಭಾಗ. ಅದರೊಡನೆ ಹೋಲಿಸಿದರೆ ಮಾತನಾಡುವ ಮೂರು ಕಲ್ಲಿನ ಆಕೃತಿಗಳ ಹಾಸ್ಯ ತೀರ ಅಗ್ಗದ್ದು. ವಿಲಿಯಂ ಡೀಟರ್ಲೆ ನಿರ್ದೇಶಿಸಿದ ೧೯೩೯ರ ಚಿತ್ರದಲ್ಲಿ ಚಾರ್ಲ್ಸ್ ಲಾಟನ್ ಅಭಿನಯಿಸಿದ ಕ್ವಾಸಿಮೋಡೊ ಕೊನೆಯಲ್ಲಿ ಒಂಟಿಯಾಗಿ ಕಲ್ಲಿನ ಆಕೃತಿಯೊಂದಕ್ಕೆ ಒರಗಿ, ತಾನೂ ಕಲ್ಲಾಗಬಾರದಿತ್ತೇ ಎಂದು ಹಲುಬುತ್ತಾನೆ. ಆ ಮೌನದ ಕಲ್ಲಿಗೆ ಬಾಯಿ ಬರಿಸಿದ ಡಿಸ್ನಿ ಅವನ ಒಂಟಿತನವನ್ನೇ ಕಳೆದುಬಿಟ್ಟಿತು.

ಗೂನುಬೆನ್ನಿನ ಕಥೆಗಳು ಭಾರತೀಯ ಓದುಗರಿಗೆ ಅಪರಿಚಿತವಲ್ಲ. ರಾಮಾಯಣದ ಮಂಥರೆಯ ಬೆನ್ನಿನ ಬಾಗು ಅವಳ ಮನಸ್ಸಿನ ಬಾಗಿನ ಗುರುತಾಗಿ ನಿಂತಿದೆ. ಭಾಗವತದ ಕುಬ್ಜೆಯನ್ನು ಕೃಷ್ಣ ಮುಟ್ಟಿ ನೆಟ್ಟಗೆ ಮಾಡುತ್ತಾನೆ. ಜನಕನ ಆಸ್ಥಾನದಲ್ಲಿ ವಾದ ಗೆದ್ದ ಅಷ್ಟಾವಕ್ರನೂ ಮಹಾಭಾರತದ ವನಪರ್ವದಲ್ಲಿ ಸಮಂಗಾ ನದಿಯಲ್ಲಿ ಮಿಂದು ಸಮಾಂಗನಾಗಿಯೇ ಏಳುತ್ತಾನೆ. ಗೆದ್ದ ವಿದ್ವತ್ತಿಗೂ ನೆಟ್ಟಗಿನ ಮೈಯ ಬಹುಮಾನ ಬೇಕಾಯಿತು. ದುಷ್ಟತನ ಇಲ್ಲವೇ ವಾಸಿಯಾಗುವಿಕೆ, ಇವೆರಡರ ಹೊರತು ಬಾಗಿದ ಬೆನ್ನಿಗೆ ಮೂರನೆಯ ಗತಿಯನ್ನು ಈ ಕಥೆಗಳು ಕಾಣಿಸಲಿಲ್ಲ. ಡಿಸ್ನಿಯ ಪರಂಪರೆಯೂ ಬೇರೆಯಾಗಿರಲಿಲ್ಲ. ಇದೇ ಇಬ್ಬರು ನಿರ್ದೇಶಕರು ೧೯೯೧ರಲ್ಲಿ ಮಾಡಿದ 'ಬ್ಯೂಟಿ ಅಂಡ್ ದ ಬೀಸ್ಟ್' ಚಿತ್ರದಲ್ಲಿ ಮೃಗರೂಪದವನು ಕೊನೆಗೆ ಸುಂದರ ರಾಜಕುಮಾರನಾಗಿ ಮಾರ್ಪಡುತ್ತಾನೆ. ಐದು ವರ್ಷಗಳ ನಂತರ ಅವರು ಕ್ವಾಸಿಮೋಡೊನನ್ನು ಇದ್ದ ಹಾಗೆಯೇ ಬಿಟ್ಟರು. ಅವನು ದುಷ್ಟನಲ್ಲ, ವಾಸಿಯೂ ಆಗುವುದಿಲ್ಲ. ಈ ಧೈರ್ಯವನ್ನು ಮೆಚ್ಚಲೇಬೇಕು. ಪ್ರಶ್ನೆಯಿರುವುದು ಆ ಧೈರ್ಯಕ್ಕೆ ವಸೂಲಾದ ಬೆಲೆಯ ಬಗೆಗೆ.

ಆ ಬೆಲೆಯನ್ನು ತಿಳಿಯಲು ಎಸ್ಮೆರಾಲ್ಡಾಳ ಕಡೆಗೆ ತಿರುಗಬೇಕು. ರೊಮಾ ಜನರ ಭಾಷೆ ಇಂಡೋ-ಆರ್ಯನ್ ವರ್ಗಕ್ಕೆ ಸೇರಿದ್ದು. ಕಿವಿಗೆ ಕಾನ್, ಎರಡಕ್ಕೆ ದುಯ್ ಎನ್ನುವ ಆ ಭಾಷೆಯೇ ಅವರ ಪೂರ್ವಿಕರು ಭಾರತ ಉಪಖಂಡದಿಂದ ಹೊರಟವರೆಂಬುದಕ್ಕೆ ಮುಖ್ಯ ಸಾಕ್ಷಿ. ೧೯೭೧ರಲ್ಲಿ ಲಂಡನ್ ಬಳಿ ಸೇರಿದ ಮೊದಲ ವಿಶ್ವ ರೊಮಾ ಸಮ್ಮೇಳನವು ತನ್ನ ಧ್ವಜದ ನಡುವೆ ಚಕ್ರವನ್ನು ಇರಿಸಿಕೊಂಡಿತು. (ಲಂಬಾಣಿಗರೂ ರೊಮಾ ಜನರೂ ಒಂದೇ ಎಂದು ಜನಪ್ರಿಯ ಬರಹಗಳು ಹೇಳುವುದುಂಟು. ಭಾಷೆಯ ಸಾಕ್ಷ್ಯ ಇಂಡೋ-ಆರ್ಯನ್ ನಂಟಿನವರೆಗೆ ಮಾತ್ರ ಕರೆದೊಯ್ಯುತ್ತದೆ. ಅದಕ್ಕಿಂತ ಮುಂದಿನದು ಊಹೆ.) ಅವರು ಈಜಿಪ್ಟಿನಿಂದ ಬಂದವರೆಂಬ ತಪ್ಪು ಕಲ್ಪನೆಯಿಂದ 'ಜಿಪ್ಸಿ' ಎಂಬ ಹೆಸರು ಹುಟ್ಟಿತು. ೧೪೨೭ರಲ್ಲಿ ಅವರ ಗುಂಪೊಂದು ಪ್ಯಾರಿಸ್ಸಿನ ಹೊರವಲಯಕ್ಕೆ ಬಂದುದನ್ನು ಅಲ್ಲಿನ ನಿವಾಸಿಯೊಬ್ಬ ದಿನಚರಿಯಲ್ಲಿ ದಾಖಲಿಸಿದ್ದಾನೆ. ಈ ಚರಿತ್ರೆಯ ಸುಳಿವು ಚಿತ್ರದಲ್ಲಿಲ್ಲ. ರೊಮಾ ಎಂಬ ಜನವರ್ಗ ಇಲ್ಲಿ ನೃತ್ಯ, ಕೈರೇಖೆ, ಮೋಡಿಯಾಟ, ಬಣ್ಣದ ಲಂಗಗಳ ಮೊತ್ತ. ಎಸ್ಮೆರಾಲ್ಡಾಳಿಗೆ ಧ್ವನಿ ಕೊಟ್ಟವಳು ಹಾಲಿವುಡ್ಡಿನ ತಾರೆ ಡೆಮಿ ಮೂರ್. ಚರ್ಚಿನೊಳಗೆ ಪ್ಯಾರಿಸ್ಸಿನ ಭಕ್ತರು ತಮತಮಗಾಗಿ ಸಂಪತ್ತು, ಕೀರ್ತಿಗಳನ್ನು ಬೇಡುತ್ತಿರುವಾಗ ಅವಳೊಬ್ಬಳು ತನ್ನ ಜನರಿಗಾಗಿ ಪ್ರಾರ್ಥಿಸುವ ಹಾಡು ಹೃದಯಸ್ಪರ್ಶಿಯಾಗಿದೆ, ನಿಜ. ಆದರೆ ಮುಖವಿರುವ ಸ್ತ್ರೀ ಅವಳೊಬ್ಬಳೇ. ಅವಳ ಜನರಿಗೆ ಅವಳ ಹೊರತು ಸಾಕ್ಷಿಯಿಲ್ಲ.

ಚಿತ್ರದ ಒಳಬಿರುಕು ಸ್ಪಷ್ಟವಾಗಿ ಕಾಣುವುದು 'ಪವಾಡಗಳ ಅಂಗಳ'ವೆಂಬ ರೊಮಾ ಅಡಗುದಾಣದ ದೃಶ್ಯದಲ್ಲಿ. ಹಗಲೆಲ್ಲ ಕುರುಡರಾಗಿ ಕುಂಟರಾಗಿ ಭಿಕ್ಷೆ ಬೇಡಿದವರು ಅಲ್ಲಿಗೆ ಬಂದೊಡನೆ ನೆಟ್ಟಗಾಗುತ್ತಾರೆ. ಹೆಸರಿನ ವ್ಯಂಗ್ಯ ಅದೇ. ಹ್ಯೂಗೊನಿಂದ ಬಂದ ಈ ಕಲ್ಪನೆಯಲ್ಲಿ ಎರಡು ಅಪವಾದಗಳು ಹೆಣೆದುಕೊಂಡಿವೆ. ವಿಕಲಾಂಗನ ನೋವು ನಟನೆಯಿರಬಹುದು, ಪರಕೀಯನ ದುಡಿಮೆ ವಂಚನೆಯಿರಬಹುದು ಎಂಬ ಗುಮಾನಿಗಳು ಒಂದನ್ನೊಂದು ಎತ್ತಿಹಿಡಿಯುತ್ತವೆ. ನಿಜವಾದ ಗೂನನನ್ನು ನಾಯಕನನ್ನಾಗಿ ಮಾಡಿಕೊಂಡ ಚಿತ್ರವೇ ಹುಸಿ ಕುಂಟರ ಹಾಡನ್ನು ಖುಷಿಯಿಂದ ಹಾಡುತ್ತದೆ. ರೊಮಾ ಜನರ ನಾಯಕ ಕ್ಲೋಪಾನ್, ಎಸ್ಮೆರಾಲ್ಡಾಳನ್ನು ಎಚ್ಚರಿಸಲು ಬಂದ ಕ್ವಾಸಿಮೋಡೊ ಮತ್ತು ಸೇನಾಧಿಕಾರಿ ಫೀಬಸ್‌ರನ್ನು ಗೂಢಚಾರರೆಂದು ಹಿಡಿದು, ವಿಚಾರಣೆಯ ಅಣಕವಾಡಿ, ನಗುನಗುತ್ತಲೇ ಗಲ್ಲಿಗೇರಿಸಹೊರಡುತ್ತಾನೆ. ರೊಮಾ ಜನ ಕಾನೂನಿಲ್ಲದವರು, ಮೋಸಗಾರರು ಎಂದು ಫ್ರೊಲೊ ಹೇಳುತ್ತ ಬಂದುದೆಲ್ಲ ಆ ಐದು ನಿಮಿಷಗಳಲ್ಲಿ ನಿಜವಾಗುತ್ತದೆ. ಅಲ್ಲಿ ನೇಣಿನ ಕೆಳಗೆ ನಿಂತಿರುವವನು ಅದೇ ಜನರ ಮಗ, ತನ್ನನ್ನು ಉಳಿಸಹೋಗಿ ಸತ್ತ ರೊಮಾ ಹೆಣ್ಣೊಬ್ಬಳ ಕಂದ. ಆ ಅಂಗಳದ ದಾರಿ ತೋರುವ ತಾಯಿತದ ನಕ್ಷೆಯನ್ನು ಓದಬಲ್ಲವನೂ ಅವನೇ. ಕುಲದ ಗುರುತು ತೆರೆದುಕೊಳ್ಳಬೇಕಾದ ಜಾಗವೆಂದರೆ ಇದು. ಚಿತ್ರ ಅದನ್ನು ಗಮನಿಸಿದಂತೆಯೂ ಇಲ್ಲ.

ಇದನ್ನು ಕೇವಲ ಕಥೆಯ ಲೋಪವೆಂದು ಬಿಡಲಾಗದಂತೆ ತಡೆಯುವುದು ಚಿತ್ರದ ಇನ್ನೊಂದು ದೃಶ್ಯ. ನ್ಯಾಯಭವನದ ಮೇಲೆ ನಿಂತು ಫ್ರೊಲೊ ರೊಮಾ ಜನರನ್ನು ಇರುವೆಗಳಿಗೆ ಹೋಲಿಸುತ್ತಾನೆ. ಕಲ್ಲೊಂದನ್ನು ಎತ್ತಿ ಕೆಳಗಿನ ಗೂಡನ್ನು ತೋರಿಸಿ ಅದೇ ಕಲ್ಲಿನಿಂದ ಅರೆಯುತ್ತಾನೆ. ಮುಂದೆ ರೊಮಾ ಜನರಿಗೆ ಆಶ್ರಯ ಕೊಟ್ಟ ಕುಟುಂಬವೊಂದನ್ನು ಮನೆಯೊಳಗೆ ಕೂಡಿ ಬೆಂಕಿಯಿಡಿಸುತ್ತಾನೆ. ಇಪ್ಪತ್ತನೆಯ ಶತಮಾನದ ಪ್ರೇಕ್ಷಕನಿಗೆ ಈ ಚಿತ್ರಗಳ ಮೂಲ ತಿಳಿಯದಿರದು. ೧೯೩೯ರಲ್ಲಿ ನಾತ್ಸಿ ಆಡಳಿತವು ವಿಕಲಾಂಗರನ್ನು ಗೊತ್ತುಪಡಿಸಿಕೊಂಡು ಕೊಲ್ಲುವ ಕಾರ್ಯಕ್ರಮವನ್ನು ಆರಂಭಿಸಿತು; ೧೯೪೪ರ ಆಗಸ್ಟ್ ೨ರ ರಾತ್ರಿ ಆಶ್‌ವಿಟ್ಸ್-ಬಿರ್ಕೆನೌನ ರೊಮಾ ಶಿಬಿರದಲ್ಲಿ ಉಳಿದಿದ್ದವರನ್ನು ವಿಷಾನಿಲಕ್ಕೆ ದೂಡಲಾಯಿತು. ಜನಾಂಗಶುದ್ಧಿಯ ಒಂದೇ ತರ್ಕ ಎರಡೂ ಗುಂಪುಗಳನ್ನು ಬದುಕಲು ಅನರ್ಹರೆಂದು ಎಣಿಸಿತ್ತು. ಗೂನನೂ ರೊಮಾ ಹೆಣ್ಣೂ ಒಂದೇ ಕಥೆಯಲ್ಲಿ ಸೇರುವುದಕ್ಕೆ ಹ್ಯೂಗೊನ ಕಾಲದಲ್ಲಿ ಇಲ್ಲದ ಅರ್ಥ ೧೯೪೫ರ ನಂತರ ಒದಗಿದೆ. ಇರುವೆಗೂಡಿನ ದೃಶ್ಯ ಆ ಅರ್ಥವನ್ನು ಬಲ್ಲದು. ಕ್ವಾಸಿಮೋಡೊನ ಕುಲವನ್ನು ಮರೆತ ಕಥಾಂತ್ಯ ಬಲ್ಲದು ಎನ್ನುವಂತಿಲ್ಲ.

ಕಥಾಂತ್ಯದಲ್ಲಿ ಎರಡು ಬಹಿಷ್ಕಾರಗಳಿಗೂ ಬೇರೆಬೇರೆ ಪರಿಹಾರ ದೊರೆಯುತ್ತದೆ. ಎಸ್ಮೆರಾಲ್ಡಾಳಿಗೆ ಹೊಂಗೂದಲಿನ ಫೀಬಸ್ ದೊರೆಯುತ್ತಾನೆ. ಹ್ಯೂಗೊನ ಫೀಬಸ್ ಹೊಣೆಗೇಡಿ ವಿಟ, ಇಲ್ಲಿನವನು ಸಜ್ಜನ. ಚೆಲುವಿನ ಮೂಲಕ ಪರಕೀಯಳು ಒಳಗೆ ಬರುತ್ತಾಳೆ, ಒಬ್ಬಳಾಗಿ ಬರುತ್ತಾಳೆ. ಕ್ವಾಸಿಮೋಡೊ ಅವರಿಬ್ಬರ ಕೈಗಳನ್ನು ತನ್ನ ಕೈಯಿಂದಲೇ ಜೋಡಿಸುತ್ತಾನೆ. ವಾಸಿಯಾಗದ ದೇಹ ಪ್ರೇಮಕ್ಕೆ ಹಕ್ಕುದಾರನಲ್ಲ. ತ್ಯಾಗವೇ ಅದರ ಅರ್ಹತೆ. ಆಮೇಲೆ ಬಿಸಿಲಿಗೆ ಬಂದ ಅವನ ಮುಖವನ್ನು ಪುಟ್ಟ ಹುಡುಗಿಯೊಬ್ಬಳು ಮುಟ್ಟಿ ಅಪ್ಪಿಕೊಳ್ಳುತ್ತಾಳೆ, ಜನ ಅವನನ್ನು ಹೆಗಲ ಮೇಲೆ ಹೊರುತ್ತಾರೆ. ಹಬ್ಬದ ದಿನ ಅವನನ್ನು ಕಟ್ಟಿಹಾಕಿ ಟೊಮೆಟೊ ಎಸೆದದ್ದು ಇದೇ ಜನ. ನಡುವೆ ಅವರು ಪಶ್ಚಾತ್ತಾಪಪಟ್ಟ ದೃಶ್ಯವೊಂದೂ ಇಲ್ಲ. ಫ್ರೊಲೊ ಬಿದ್ದು ಸತ್ತದ್ದರಿಂದಲೇ ಊರು ಶುದ್ಧವಾಯಿತೆಂದು ಚಿತ್ರ ನಂಬುತ್ತದೆ. ಮನುಷ್ಯ ಯಾರು, ರಾಕ್ಷಸ ಯಾರು ಎಂದು ಕ್ಲೋಪಾನ್ ಮೊದಲಿಗೂ ಕೊನೆಗೂ ಕೇಳುವ ಒಗಟಿನ ಮಿತಿ ಇದು: ಅದು ಕೇಡನ್ನು ಒಬ್ಬನ ಎದೆಯೊಳಗೆ ಹುಡುಕುತ್ತದೆ. ೧೮೩೧ರ ಕಾದಂಬರಿಯಲ್ಲಿ ಎಸ್ಮೆರಾಲ್ಡಾ ಗಲ್ಲಿಗೇರುತ್ತಾಳೆ. ಅವಳ ಅಸ್ಥಿಪಂಜರವನ್ನು ಅಪ್ಪಿದ ಇನ್ನೊಂದು ಬಾಗಿದ ಅಸ್ಥಿಪಂಜರ ಮುಂದೆ ಸಿಗುತ್ತದೆ. ಆ ಊರು ಕ್ಷಮೆಗೆ ಅರ್ಹವಲ್ಲವೆಂದು ಹ್ಯೂಗೊಗೆ ಗೊತ್ತಿತ್ತು.

ಮಕ್ಕಳ ಚಿತ್ರಕ್ಕೆ ಅಂತಹ ಕೊನೆ ಸಲ್ಲದೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಸಾವಿಗೂ ತ್ಯಾಗಕ್ಕೂ ನಡುವೆ ಬೇರೆ ದಾರಿಗಳಿದ್ದವು; ಕ್ವಾಸಿಮೋಡೊ ತನ್ನ ತಾಯಿಯ ಜನರ ನಡುವೆ ನಿಲ್ಲಬಹುದಾಗಿತ್ತು, ಅದಕ್ಕೆ ಬೇಕಾದುದೆಲ್ಲ ಮೊದಲ ದೃಶ್ಯದಲ್ಲಿಯೇ ಇತ್ತು. ಪ್ರೇಮದ ಕೊರತೆಯನ್ನು ತುಂಬಲು ಸಂಸ್ಥೆ ೨೦೦೨ರಲ್ಲಿ ವಿಡಿಯೊಗೆಂದೇ ಎರಡನೆಯ ಭಾಗವೊಂದನ್ನು ತಂದು ಸರ್ಕಸ್ಸಿನ ಹುಡುಗಿಯೊಬ್ಬಳನ್ನು ಅವನಿಗೆ ಜೊತೆಮಾಡಿತು. ಕಲೆಯಾಗಿ ಅದರ ಬಗೆಗೆ ಹೇಳಬೇಕಾದುದು ಏನೂ ಇಲ್ಲ. ಹೆಚ್ಚು ಮಹತ್ವದ ತಿದ್ದುಪಡಿ ನಡೆದುದು ರಂಗಭೂಮಿಯಲ್ಲಿ. ಇದೇ ಹಾಡುಗಳನ್ನು ಆಧರಿಸಿದ ನಾಟಕ ೧೯೯೯ರಲ್ಲಿ ಬರ್ಲಿನ್ನಿನಲ್ಲಿ, ಪರಿಷ್ಕೃತ ರೂಪದಲ್ಲಿ ೨೦೧೪ರಿಂದ ಅಮೆರಿಕದಲ್ಲಿ ಪ್ರದರ್ಶನಗೊಂಡಿತು. ಅದರಲ್ಲಿ ಎಸ್ಮೆರಾಲ್ಡಾ ಬದುಕುಳಿಯುವುದಿಲ್ಲ, ಕ್ವಾಸಿಮೋಡೊನ ರೊಮಾ ತಾಯಿಗೆ ಒಂದು ಹೆಸರಿದೆ. ೨೦೧೬ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಆ ಪಾತ್ರವನ್ನು ಕಿವುಡ ನಟರೊಬ್ಬರು ವಹಿಸಿದರು. ಅವರು ಸಂಜ್ಞಾಭಾಷೆಯಲ್ಲಿ ಅಭಿನಯಿಸುತ್ತಿದ್ದಂತೆ ರಂಗದ ಮೇಲಿನ ಇನ್ನೊಬ್ಬ ನಟ ಅವರ ಹಾಡುಗಳನ್ನು ಹಾಡಿದರು.